ನಾಯಿಗೆಂದು ತೆಗೆದಿಟ್ಟ ಕಲೇಜಿ

ಸೋಮವಾರ ನಮ್ಮ ಅಂಗಡಿಗೆ ರಜೆ. ಕೊಪ್ಪಳದ ಮಗ್ಗುಲಿಗಿರುವ ಭಾಗ್ಯನಗರದಲ್ಲಿ ಮಟನ್ ಮಾರುವವನು ನಾನು. ಸೋಮವಾರ ಅರ್ಧ ಊರು ಮಾಂಸ ಮುಟ್ಟುವುದಿಲ್ಲ. ಶ್ರಾವಣ ಬಂತೆಂದರೆ ತಿಂಗಳಿಡೀ ನೊಣ ಹೊಡೆಯುತ್ತ ಕೂರುವುದೇ ಕೆಲಸ. ಬಿ.ಎ. ಓದಿ ಕತ್ತಿ ಹಿಡಿದವನೆಂದು ಗಿರಾಕಿಗಳು ನನ್ನನ್ನು ಚೇಷ್ಟೆ ಮಾಡುತ್ತಾರೆ. ಆ ಓದಿನಿಂದ ಆದ ಉಪಕಾರ ಎರಡೇ: ತಕ್ಕಡಿಯ ಪಕ್ಕ ಕೂತು ಪೇಪರ್ ಓದುವ ಚಟ, ಮತ್ತು ಇದನ್ನು ಬರೆಯಲು ಬೇಕಾದ ನಾಲ್ಕು ಅಕ್ಷರ.

ಏಳು ವರ್ಷ ಕಾಲ ಸೋಮವಾರ ತಪ್ಪದೆ ನಾನು ಬೂದ್ಯಾನ ಜೊತೆ ಗುಡ್ಡ ಹತ್ತಿದ್ದೇನೆ. ಬೂದ್ಯಾ ನನ್ನ ನಾಯಿ. ಕುರಿ ಕೊಯ್ಯುವ ಜಾಗದ ಹಿಂದಿನ ತಿಪ್ಪೆಯಲ್ಲಿ, ಇನ್ನೂ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದು. ಬೂದಿಯ ಬಣ್ಣ, ಉದ್ದನೆಯ ಕಾಲು, ಕುರಿಗಾರರ ನಾಯಿಯ ರಕ್ತ ಎಲ್ಲೋ ಸೇರಿರಬೇಕು. ಊರು ದಾಟಿದರೆ ಗುಂಡುಕಲ್ಲಿನ ಗುಡ್ಡ. ಅದರ ಬುಡಕ್ಕೆ ಸೀತಾಫಲ, ಕಾರೆ, ಕವಳೆ ಕಂಟಿಗಳ ಕುರುಚಲು ಕಾಡು, ನಡುವೆ ಬೇವು ಮುತ್ತುಗದ ನೆರಳು. ಮೇಲೆ ಹೋದರೆ ಮರವೇ ಇಲ್ಲದ ಬಯಲು, ಮೊಣಕಾಲಿನೆತ್ತರದ ಒಣಹುಲ್ಲು, ಬರೀ ಗಾಳಿ. ಒಂದು ದಿಕ್ಕಿಗೆ ಗಿಣಿಗೇರಾದ ಕಾರ್ಖಾನೆಗಳ ಹೊಗೆ ಕಾಣುತ್ತದೆ, ಉಳಿದ ಮೂರೂ ದಿಕ್ಕಿಗೆ ಏನೂ ಇಲ್ಲ. ಬೂದ್ಯಾ ಕೌಜುಗದ ಹಿಂದೆ ಓಡುವುದು, ಒಂದೂ ಸಿಗದೆ ನಾಲಗೆ ಚಾಚಿಕೊಂಡು ವಾಪಸ್ ಬರುವುದು, ಕಲ್ಲಿನ ಸಂದಿಯಲ್ಲಿ ಮೂಗು ತೂರಿಸಿ ಸೀನುವುದು. ಆರು ದಿನ ರಕ್ತ, ನೊಣ, ಚೌಕಾಸಿಯಲ್ಲಿ ಕಳೆದವನಿಗೆ ಏಳನೆಯ ದಿನ ಅಷ್ಟು ಸಾಕಿತ್ತು.

ಸಾಲಿಗೆ ರಜೆ ಇದ್ದಾಗ ಮಗಳು ರುಬೀನಾಳೂ ಬರುತ್ತಿದ್ದಳು. ನಾಯಿ ಮನೆಗೆ ಬಂದಾಗ ಅವಳಿಗೆ ಮೂರು ವರ್ಷ. ಗುಡ್ಡದ ಮೇಲೆ ಚಪ್ಪಟೆಯಾದ ಒಂದು ಬಂಡೆ ಇದೆ. ಅದರ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದೆವು. ಅವಳು ಒಂದು ತುತ್ತು ಬೂದ್ಯಾನಿಗೆ ಕೊಡುವಳು, ಒಂದು ತಾನು ತಿನ್ನುವಳು, ಎರಡಕ್ಕೂ ಅದೇ ಕೈ. ನಾನೂ ಅಷ್ಟೆ. ಬಾರಿ ಗಿಡದಲ್ಲಿ ಹಣ್ಣಿದ್ದರೆ ಕಿತ್ತು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಳ್ಳುವುದು, ಆ ಅಂಗಿಯ ಮೇಲೆ ಆಗಷ್ಟೇ ನಾಯಿ ಮಲಗಿರುತ್ತಿತ್ತು.

ನನ್ನ ತಾಯಿಗೆ ಇದು ಸೇರುತ್ತಿರಲಿಲ್ಲ. ನಾಯಿಯನ್ನು ಅಂಗಳ ದಾಟಿ ಒಳಗೆ ಬಿಟ್ಟವಳಲ್ಲ. ಅದರ ಜೊಲ್ಲು ತಾಗಿದ್ದನ್ನು ಏಳು ಸಲ ತೊಳೆಯಬೇಕು ಎಂಬುದು ಅವಳು ಕಲಿತ ಪಾಠ. ಗುಡ್ಡದ ಮೇಲೆ ಏಳು ಸಲ ತೊಳೆಯುವಷ್ಟು ನೀರು ಎಲ್ಲಿಂದ ತರಲಮ್ಮಾ ಎಂದು ನಾನು ನಗುತ್ತಿದ್ದೆ.

"ನೀರ ಇರಲಿಲ್ಲಾಂದ್ರ ಮಣ್ಣ ಹಚ್ಚಿ ತಿಕ್ಕು. ಅದನ್ನೂ ಹೇಳ್ಯಾರ" ಎನ್ನುತ್ತಿದ್ದಳು.

ಬಿ.ಎ. ಓದಿದವನಿಗೆ ಅಕ್ಷರ ಬಾರದ ತಾಯಿಯ ಮಾತು ಕೇಳುವ ಪುರುಸೊತ್ತು ಎಲ್ಲಿರುತ್ತದೆ. ಅವಳು ಹೇಳಿದಂತೆ ಕೈಗೆ ಒಂದು ಹಿಡಿ ಮಣ್ಣು ಹಚ್ಚಿದ್ದರೂ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

ಎರಡು ವರ್ಷದ ಹಿಂದೆ ಬಲಗಡೆ ಪಕ್ಕೆಯ ಕೆಳಗೆ ಭಾರ ಶುರುವಾಯಿತು. ನೋವಲ್ಲ, ಭಾರ. ಊಟ ಮಾಡದಿದ್ದರೂ ಊಟ ಮಾಡಿದ ಹಾಗೆ. ಗ್ಯಾಸ್ ಎಂದರು, ಗುಳಿಗೆ ತಿಂದೆ. ಅಜವಾನ ಜಗಿದೆ, ಸೋಡಾ ಕುಡಿದೆ. ಒಂದು ಸೋಮವಾರ ಅರ್ಧ ಗುಡ್ಡಕ್ಕೇ ಕೂತುಬಿಟ್ಟೆ. ಮೇಲಕ್ಕೆ ಓಡಿದ್ದ ಬೂದ್ಯಾ ತಿರುಗಿ ಬಂದು ನನ್ನೆದುರು ನಿಂತ. ಮತ್ತೆ ನಾಲ್ಕು ಹೆಜ್ಜೆ ಹತ್ತಿ ತಿರುಗಿ ನೋಡಿದ. ಕೊನೆಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಅವನ ತಲೆ ಸವರಿದೆ. ಅದೇ ಕೈಯಿಂದ ಬುತ್ತಿ ಬಿಚ್ಚಿ ರೊಟ್ಟಿ ತಿಂದೆ.

ಹೆಂಡತಿ ಶಮೀಮ್ ಹಟ ಹಿಡಿದು ಕೊಪ್ಪಳದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಎಳೆದುಕೊಂಡು ಹೋದಳು. ಹೊರಗೆ ಕಾಯುವ ಕುರ್ಚಿಗಳಲ್ಲಿ ಬಸುರಿಯರೇ ತುಂಬಿದ್ದರು. ಅವರ ನಡುವೆ ನಾನೊಬ್ಬ ಗಂಡಸು, ಮೂರು ಬಾಟಲಿ ನೀರು ಕುಡಿದು, ಉಚ್ಚೆ ತಡೆದುಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. "ನಿಮಗ ಎಷ್ಟ ತಿಂಗಳ್ರಿ?" ಎಂದು ಶಮೀಮ್ ನನ್ನ ಕಿವಿಯಲ್ಲಿ ಕೇಳಿದಳು. ಇಬ್ಬರೂ ನಕ್ಕೆವು. ನಾವಿಬ್ಬರೂ ಹಾಗೆ ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ಡಾಕ್ಟರು ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸುರಿದು, ಯಂತ್ರದ ಹಿಡಿಕೆಯನ್ನು ಬಲಗಡೆ ಒತ್ತಿದವರು ಅಲ್ಲಿಯೇ ನಿಂತರು. ಬಹಳ ಹೊತ್ತು ಮಾತಿಲ್ಲ.

"ಕುರಿ ಸಾಕೀರೇನ್ರಿ?" ಎಂದರು.

"ಸಾಕಿಲ್ಲರಿ. ಕೊಯ್ಯತೀನಿ. ಮಟನ್ ಅಂಗಡಿ ಐತ್ರಿ."

"ಮನಿಯಾಗ ನಾಯಿ ಐತೇನು?"

ಅಷ್ಟು ಹೊತ್ತಿಗೆ ನಾನು ತಲೆ ತಿರುಗಿಸಿ ಪರದೆ ನೋಡಿದ್ದೆ. ಬೂದು ಬಣ್ಣದ ಕಲೇಜಿ, ಅದರೊಳಗೆ ಕರ್ರಗೆ, ದುಂಡಗೆ ಒಂದು ಚೀಲ. ಕಲೇಜಿ ಅಂದರೆ ಲಿವರ್. ನನ್ನ ಬಾಯಿಗೆ ಬರುವುದು ಅಂಗಡಿಯ ಮಾತೇ. ಅದು ಏನೆಂದು ಡಾಕ್ಟರು ಹೇಳಬೇಕಾಗಿರಲಿಲ್ಲ. ಇಪ್ಪತ್ತು ವರ್ಷದಿಂದ ಕುರಿಗಳ ಹೊಟ್ಟೆ ಬಿಚ್ಚಿದವನು ನಾನು.

"ಮ್ಯಾಲ ಬಿಳೀ ಪೊರಿ, ಒಳಗ ತಿಳಿನೀರು" ಎಂದೆ. "ನೀರಗುಳ್ಳಿ ಅಂತೀವ್ರಿ ನಾವು. ಕತ್ತಿ ತಾಗಿದ್ರ ಚಿಲ್ಲಂತ ಹಾರತೈತಿ."

ಡಾಕ್ಟರು ಯಂತ್ರದಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ನಿಮ್ಮ ಹೊಟ್ಯಾಗ ಅದು ಹಾರಬಾರದ್ರಿ" ಎಂದರು. "ಒಡದ್ರ ಜೀವಕ್ಕ ಬರತೈತಿ. ಭಾರ ಎತ್ತಬ್ಯಾಡ್ರಿ, ಗುಡ್ಡ ಹತ್ತಬ್ಯಾಡ್ರಿ, ಬೀಳಬ್ಯಾಡ್ರಿ."

ಆಮೇಲೆ ಕುರ್ಚಿ ಎಳೆದುಕೊಂಡು ಶಮೀಮ್‌ಗೂ ಅರ್ಥವಾಗುವಂತೆ ಹೇಳಿದರು. ಇಂಥ ಗುಳ್ಳೆ ಇರುವ ಹಸಿ ಕಲೇಜಿ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಹುಳ ಆಗುತ್ತವೆ. ಅವುಗಳ ತತ್ತಿ ನಾಯಿಯ ಹೇಲಿನಲ್ಲಿ, ಅಲ್ಲಿಂದ ಅದರ ಕೂದಲಿಗೆ, ಕೂದಲಿನಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ. ವರ್ಷಗಟ್ಟಲೆ ಒಳಗೇ ಬೆಳೆಯುತ್ತದೆ, ಗೊತ್ತಾಗುವುದಿಲ್ಲ.

"ನಾಯಿಗೆ ಏನ ಹಾಕತೀರಿ?" ಎಂದು ಕೇಳಿದರು.

"ರೊಟ್ಟಿ ರೀ" ಎಂದೆ. ಶಮೀಮ್ ನನ್ನ ಮುಖವನ್ನೇ ನೋಡುತ್ತಿದ್ದಳು. "ಬೀದ್ಯಾಗ ಏನ ತಿಂದ ಬರತೈತೋ ಯಾರಿಗ್ಗೊತ್ರಿ."

ಅದು ಸುಳ್ಳು. ಆ ಸುಳ್ಳಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ಅಬ್ಬಾ ಅಂಗಡಿಗೆ ಒಂದು ಕಟ್ಟಳೆ ಮಾಡಿಟ್ಟುಹೋಗಿದ್ದರು. ನೀರಗುಳ್ಳೆ ಇರುವ ಕಲೇಜಿಯನ್ನು ಗಿರಾಕಿಗೆ ಮಾರಬಾರದು. ಕೆಲವರು ಗುಳ್ಳೆ ಇದ್ದಷ್ಟು ಕೊಯ್ದು ಬಿಸಾಕಿ ಉಳಿದದ್ದನ್ನು ತೂಗುತ್ತಾರೆ. ನಮ್ಮಲ್ಲಿ ಅದೂ ಇಲ್ಲ. ಮನುಷ್ಯನ ಬಾಯಿಗೆ ಹಾಕಬಾರದ್ದು ನಾಯಿಯ ಪಾಲು ಎನ್ನುತ್ತಿದ್ದರು. ಖಾಜಾಸಾಬನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕಲೇಜಿ ತಗೋಬಹುದು ಎಂಬ ಹೆಸರು ನನಗೆ ಬಂದದ್ದು ಆ ಕಟ್ಟಳೆಯಿಂದ. ಅಂಗಡಿಯ ಮೂಲೆಯಲ್ಲಿ ಒಂದು ಬುಟ್ಟಿ ಇತ್ತು. ಗುಳ್ಳೆಯ ಕಲೇಜಿ, ಗುಳ್ಳೆಯ ಪುಪ್ಪಸ ಎಲ್ಲ ಅದಕ್ಕೆ. ಸಂಜೆ ಅದನ್ನು ಬೂದ್ಯಾನ ಮುಂದೆ ಸುರಿಯುತ್ತಿದ್ದೆ. ಅವನು ಬಾಲ ಆಡಿಸುತ್ತ, ನನ್ನ ಮುಖ ನೋಡಿ ಅಪ್ಪಣೆ ಸಿಗುವವರೆಗೆ ಕಾದು ಆಮೇಲೆ ತಿನ್ನುತ್ತಿದ್ದ. ಏಳು ವರ್ಷ ನನ್ನ ಕೈಯಾರೆ ಹಾಕಿದ್ದೇನೆ. ಬೀದಿಯದ್ದನ್ನು ಆ ನಾಯಿ ಮೂಸಿಯೂ ನೋಡುತ್ತಿರಲಿಲ್ಲ.

ಮನೆಮಂದಿಗೆಲ್ಲ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಮೂರು ದಿನ ಬಿಟ್ಟು ನಾಲ್ವರೂ ಅದೇ ಕುರ್ಚಿಗಳಲ್ಲಿ ಕೂತೆವು. ಅಮ್ಮಾಗೆ ಏನೂ ಇಲ್ಲ. ಶಮೀಮ್‌ಗೆ ಏನೂ ಇಲ್ಲ. ರುಬೀನಾಳ ಸರದಿ ಬಂದಾಗ ನಾನು ಒಳಗೆ ಹೋಗಲಿಲ್ಲ. ಗೋಡೆಗೆ ಅಂಟಿಸಿದ್ದ ನಗುವ ಕೂಸಿನ ಚಿತ್ರ ನೋಡುತ್ತ ಕೂತೆ. ನನ್ನದು ಎಷ್ಟು ದೊಡ್ಡದಾದರೂ ಇರಲಿ, ಇವಳದು ಖಾಲಿ ಇರಲಿ ಎಂದು ದೇವರ ಹತ್ತಿರ ಚೌಕಾಸಿಗೆ ಇಳಿದೆ. ಒಳಗಿನಿಂದ ಬಹಳ ಹೊತ್ತು ಮಾತು ಕೇಳಲಿಲ್ಲ. ಆ ಮೌನ ನನಗೆ ಗುರುತಿತ್ತು.

ಶಮೀಮ್ ಹೊರಗೆ ಬಂದು ಹೆಬ್ಬೆರಳು, ತೋರುಬೆರಳು ಸೇರಿಸಿ ತೋರಿಸಿದಳು. ಬಾರಿಹಣ್ಣಿನಷ್ಟು. ರುಬೀನಾ ಹಿಂದೆಯೇ ಬಂದು, ಹೊಟ್ಟೆಯ ಅಂಟು ಒರೆಸಿಕೊಳ್ಳುತ್ತ, "ಅಬ್ಬಾ, ನಂದು ಸಣ್ಣದೈತಂತ" ಎಂದಳು, ಪರೀಕ್ಷೆಯಲ್ಲಿ ಒಂದೆರಡು ಅಂಕ ಕಡಿಮೆ ಬಂದದ್ದನ್ನು ಹೇಳುವ ಹಾಗೆ. ಅವಳಿಗೆ ಆಗ ಹತ್ತು ವರ್ಷ.

ಅವತ್ತು ಮನೆಗೆ ಬಂದು ಶಮೀಮ್ ಮಾಡಿದ ಮೊದಲ ಕೆಲಸ ಕೋಲು ಹುಡುಕಿದ್ದು. ಬೂದ್ಯಾ ಎಂದಿನಂತೆ ಕುಣಿಯುತ್ತ ಗೇಟಿಗೆ ಬಂದಿದ್ದ. ಮೊದಲ ಏಟು ಆಟವೆಂದುಕೊಂಡ. ಎರಡನೆಯದಕ್ಕೆ ನನ್ನ ಹಿಂದೆ ಬಂದು ಅಡಗಿದ. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ. ಶಮೀಮ್ ಒಳ್ಳೆಯ ಹೆಂಗಸು. ಇರುವೆ ತುಳಿದರೂ ಮರುಗುವವಳು. ಅವಳ ಕೈಗೆ ಕೋಲು ಕೊಟ್ಟವನು ನಾನೇ. ಬುಟ್ಟಿಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ, ಅಂಗಡಿಯ ಕಡೆ ಅವಳು ಬಂದವಳೇ ಅಲ್ಲ.

ಅಮ್ಮಾಗೆ ಗೊತ್ತಿತ್ತು. ಅಬ್ಬಾನ ಕಾಲದಿಂದ ಆ ಬುಟ್ಟಿ ನೋಡಿದವಳು. ಜಗುಲಿಯ ಮೇಲೆ ಕೂತು ಎಲ್ಲ ನೋಡಿದಳು. ಶಮೀಮ್ ಅಳುತ್ತ ಒಳಗೆ ಹೋದ ಮೇಲೆ, "ಮೂಕಪ್ರಾಣಿ ಮ್ಯಾಲ ಸುಳ್ಳ ಹಾಕಬ್ಯಾಡ ಖಾಜಾ" ಎಂದಳು. "ಅದಕ್ಕ ಬಾಯಿಲ್ಲ ನಿಜ. ಕೇಳಾಂವ ಒಬ್ಬ ಅದಾನ."

ನಾನು ಕಿವಿ ಕೇಳದವನ ಹಾಗೆ ಹೊರಗೆ ಹೋದೆ.

ದನದ ದವಾಖಾನೆಗೂ ಹೋಗಿ ಬಂದೆ, ಅದನ್ನೂ ಹೇಳಬೇಕು. ಅಲ್ಲಿಯ ಡಾಕ್ಟರು ಬೂದ್ಯಾನ ಬೆನ್ನು ತಟ್ಟಿ, ಒಂದು ಗುಳಿಗೆ ರೊಟ್ಟಿಯಲ್ಲಿಟ್ಟು ತಿನ್ನಿಸಿದರು. "ಇದರಿಂದ ಹುಳ ಹೋಗತಾವು. ತಿಂಗಳಾ ಒಂದೂವರಿ ತಿಂಗಳಿಗೊಮ್ಮೆ ಹಾಕ್ರಿ, ಹಸೀ ಕರುಳು ಕಲೇಜಿ ಹಾಕಬ್ಯಾಡ್ರಿ, ಅಷ್ಟ. ನಾಯಿಗೇನೂ ಆಗಿಲ್ಲ" ಎಂದರು. ನಾಯಿಗೆ ಒಂದು ಗುಳಿಗೆ. ನನ್ನ ಮಗಳಿಗೆ ತಿಂಗಳುಗಟ್ಟಲೆ, ಅದರಿಂದಲೂ ಗುಳ್ಳೆ ಕರಗುತ್ತದೋ ಇಲ್ಲವೋ ಯಾರೂ ಮಾತು ಕೊಡುವುದಿಲ್ಲ. ನಾನು ಅವತ್ತು ಮನೆಯಲ್ಲಿ ಆ ಮಾತನ್ನಾದರೂ ಹೇಳಬಹುದಿತ್ತು, ನಾಯಿಯನ್ನು ಇಟ್ಟುಕೊಂಡರೆ ಅಪಾಯವಿಲ್ಲ ಎಂದು. ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಸಿ ಕಲೇಜಿ ಹಾಕಿದವರು ಯಾರು?

ಯಲಬುರ್ಗಾ ಕಡೆಯ ಬೀರಪ್ಪ ನಮ್ಮ ಅಂಗಡಿಗೆ ಕುರಿ ಕೊಡುವವರು, ವಯಸ್ಸಾದವರು. ನನ್ನ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋಗುವ ಒಂದು ವಾರ ಮೊದಲು ಬೂದ್ಯಾನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಅವರ ಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ಅವನು ಗುಡ್ಡಕ್ಕೆ ಹೊರಟಿದ್ದೇವೆಂದೇ ತಿಳಿದಿದ್ದ. ಕಲ್ಲುಗುಡ್ಡ ಕಂಡಲ್ಲೆಲ್ಲ ಎದ್ದು ನಿಲ್ಲುತ್ತಿದ್ದ. ಟಂಟಂ ಗುಂಡಿಗೆ ಬಿದ್ದಾಗೆಲ್ಲ ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಒಡೆದುಬಿಡಲಿ, ಇಲ್ಲೇ ಮುಗಿದುಹೋಗಲಿ ಎಂದೂ ಒಂದೆರಡು ಸಲ ಅನ್ನಿಸಿತು.

ಹಟ್ಟಿಯಲ್ಲಿ ಬೀರಪ್ಪನವರಿಗೆ, "ಹಸೀ ಕರುಳು, ಕಲೇಜಿ ಹಾಕಬ್ಯಾಡ್ರಿ ಅಣ್ಣಾರ. ಸತ್ತ ಕುರಿ ಇದ್ರ ಹುಗೀರಿ" ಎಂದೆ.

ಅವರು ನಕ್ಕರು. "ನಾಯಿ ಕರುಳು ತಿನ್ನದ ಮತ್ತೇನ ಹೋಳಗಿ ತಿಂತೈತೇನ್ರಿ ಸಾಬ್ರ? ನಮ್ಮ ಮುತ್ತಜ್ಜನ ಕಾಲದಿಂದ ಹಾಕಾಕತ್ತೀವಿ, ಏನಾಗೇತಿ?"

ಅದು ನಾನು ಇಪ್ಪತ್ತು ವರ್ಷ ಆಡಿದ ಮಾತೇ. ಹಟ್ಟಿಯ ಬಾಗಿಲಲ್ಲಿ ಅವರ ಮೊಮ್ಮಗಳು, ನಾಲ್ಕೈದು ವರ್ಷದ್ದು, ಕೈಯಲ್ಲಿದ್ದ ರೊಟ್ಟಿ ಮುರಿದು ಬೂದ್ಯಾನಿಗೆ ಒಂದು ಚೂರು ಕೊಟ್ಟು, ತಾನೊಂದು ತಿಂದಳು. ನಾನು ಎಲ್ಲ ಬಿಡಿಸಿ ಹೇಳಬೇಕಿತ್ತು. ಅಂಗಿ ಎತ್ತಿ ಹೊಟ್ಟೆ ತೋರಿಸಿ ಹೇಳಬೇಕಿತ್ತು. ಹೇಳಿದ್ದರೆ ಅವರು ನಾಯಿಯನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಹಗ್ಗವನ್ನು ಅವರ ಕೈಗೆ ಕೊಟ್ಟು ಬಂದುಬಿಟ್ಟೆ. ಬೂದ್ಯಾ ಬೊಗಳಲಿಲ್ಲ. ಕೂತು ನನ್ನನ್ನೇ ನೋಡುತ್ತಿದ್ದ, ಬುಟ್ಟಿಯ ಮುಂದೆ ಅಪ್ಪಣೆಗೆ ಕಾಯುತ್ತಿದ್ದ ಹಾಗೆಯೇ.

ಹುಬ್ಬಳ್ಳಿಯ ದವಾಖಾನೆಯ ಬಗ್ಗೆ ಹೆಚ್ಚು ಹೇಳಲಾರೆ. ಕೊಪ್ಪಳದಿಂದ ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ನನ್ನಂಥವರು ಉದ್ದನೆಯ ಪಡಸಾಲೆಯಲ್ಲಿ ಫೈಲು ಹಿಡಿದು ಕಾಯುತ್ತಿದ್ದರು. ಪಕ್ಕದಲ್ಲಿ ಕುಷ್ಟಗಿಯ ಒಬ್ಬ ಅಜ್ಜಿ ಕೂತಿದ್ದಳು, ಮಗನ ಜೊತೆ ಬಂದವಳು.

"ನಿಮಗೇನಾಗೇತ್ರಿ ತಮ್ಮಾ?"

"ಹೊಟ್ಯಾಗ ಗುಳ್ಳಿ ರೀ."

"ದೊಡ್ಡ ರೋಗ ಅಲ್ಲಲ್ಲ?"

"ಅಲ್ರಿ."

"ಪುಣ್ಯಾ ಮಾಡೀರಿ ಬಿಡ್ರಿ" ಎಂದು ಸೆರಗಿನಿಂದ ಒಂದು ಹಿಡಿ ಚುರುಮುರಿ ತೆಗೆದು ನನ್ನ ಕೈಗೆ ಹಾಕಿದಳು. ಅವಳ ಮಗನಿಗೆ ಆ ದೊಡ್ಡ ರೋಗವೇ, ಅಂದರೆ ಕ್ಯಾನ್ಸರೇ, ಇತ್ತು. ಎಲ್ಲರೂ ನನ್ನನ್ನು ಪುಣ್ಯವಂತನೆನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಆದರೆ ಆ ಅಜ್ಜಿಯ ಚುರುಮುರಿ ತಿಂದೆ. ತಿನ್ನುವ ಮೊದಲು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದೆ, ಎಣಿಸಿ ಏಳು ಸಲ.

ಆಪರೇಷನ್ ಆಯಿತು. ಚೀಲ ತೆಗೆದರು, ತೆಂಗಿನಕಾಯಿಯಷ್ಟು ಇತ್ತಂತೆ. ತೆಗೆಯುವಾಗ ಒಂದೆರಡು ಹನಿ ಒಳಗೆ ಸೋರಬಹುದು, ಸೋರಿದರೆ ಮತ್ತೆ ಬರಬಹುದು ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ನಾಲ್ಕು ತಿಂಗಳು ಮನೆಯಲ್ಲಿ ಬಿದ್ದಿದ್ದೆ. ಅಂಗಡಿಗೆ ಶಮೀಮ್‌ಳ ತಮ್ಮ ಕೂತ. ಅಂಗಳದಲ್ಲಿ ಬೂದ್ಯಾನ ನೀರಿನ ಕಲ್ಲುಡೋಣಿ ಒಣಗಿ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಎಚ್ಚರವಾದ ಕೂಡಲೇ ಕಾಲು ಚಪ್ಪಲಿ ಹುಡುಕುತ್ತಿತ್ತು, ಆಮೇಲೆ ನೆನಪಾಗುತ್ತಿತ್ತು. ಹೊಲಿಗೆಯ ನೋವಿಗೆ ಗುಳಿಗೆ ಇತ್ತು. ಆ ನೆನಪಿಗೆ ಏನೂ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದೆ. ನೋವಿಗೆಂದು ತಿಳಿದು ಶಮೀಮ್ ಕಾಲು ಒತ್ತುತ್ತಿದ್ದಳು.

ರುಬೀನಾಳ ಗುಳಿಗೆಯನ್ನು ಜಿಡ್ಡಿನ ಊಟದ ಜೊತೆ ಕೊಡಬೇಕು, ಆಗಲೇ ಮೈಗೆ ಹತ್ತುತ್ತದೆ. ಅಮ್ಮಾ ರೊಟ್ಟಿಗೆ ತುಪ್ಪ ಸುರಿದು ಕೊಡುತ್ತಿದ್ದಳು. ಮಗಳಿಗೆ ತುಪ್ಪ ಕಂಡರೆ ವಾಕರಿಕೆ. ಕೂದಲು ತೆಳ್ಳಗಾಯಿತು. ಅದು ಗುಳಿಗೆಯಿಂದ, ಮತ್ತೆ ಬರುತ್ತದೆ ಎಂದರು ಡಾಕ್ಟರು. ಅವಳು ಬಾಚಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಮಾಡಿ ಕಿಟಕಿಯಲ್ಲಿಡುತ್ತಿದ್ದಳು. ಗೆಳತಿಯರ ಜೊತೆ ಕುಂಟಾಬಿಲ್ಲೆ ಆಡುವುದನ್ನು ಬಿಟ್ಟಳು, ಬಿದ್ದರೆ ಒಡೆಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಅವಳದು ಒಡೆಯುವಷ್ಟು ದೊಡ್ಡದಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ನನ್ನ ಹಾಗೆಯೇ ಹೊಟ್ಟೆಯ ಮೇಲೆ ಕೈಯಿಟ್ಟು ನಡೆಯುವುದನ್ನು ಕಲಿತಿದ್ದಳು.

ಒಂದು ಸಂಜೆ ಅವಳ ಸಾಲಿಯ ನೋಟ್‌ಬುಕ್ ನನ್ನ ಹಾಸಿಗೆಯ ಮೇಲಿತ್ತು. ಪ್ರಾಣಿಗಳ ಮೇಲೆ ಪ್ರಬಂಧ ಬರೆಸಿದ್ದರು. ಹಿಂದಿನ ವರ್ಷ ಅವಳು ಬರೆದದ್ದು ಬೂದ್ಯಾನ ಮೇಲೆ, ನಾಲ್ಕು ಪುಟ. ಈ ಸಲದ್ದು ಅರ್ಧ ಪುಟ: 'ನಾಯಿ ಕೆಟ್ಟ ಪ್ರಾಣಿ. ಅದು ನಮ್ಮ ಜೊತೆ ಪ್ರೀತಿಯಿಂದ ಇದ್ದ ಹಾಗೆ ಮಾಡಿ ರೋಗ ಕೊಡುತ್ತದೆ. ನಾವು ಯಾರನ್ನೂ ನಂಬಬಾರದು.' ಟೀಚರು ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಎಂದು ಬರೆದಿದ್ದರು.

ನಾನು ಅವಳನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡೆ. ಶಮೀಮ್ ಒಲೆಯ ಹತ್ತಿರ ಇದ್ದಳು, ಅವಳಿಗೂ ಕೇಳುವಂತೆ ಹೇಳಿದೆ. ಬುಟ್ಟಿಯ ಸಂಗತಿ, ಕಲೇಜಿ, ಅಪ್ಪಣೆಗೆ ಕಾಯುತ್ತಿದ್ದ ಬೂದ್ಯಾ, ಡಾಕ್ಟರ ಮುಂದೆ ಆಡಿದ ಸುಳ್ಳು. ಒಂದೂ ಬಿಡಲಿಲ್ಲ. "ಬೂದ್ಯಾ ನಿನಗ ಏನೂ ಕೊಡಲಿಲ್ಲವ್ವಾ. ನಾ ಅವಗ ಕೊಟ್ಟೆ. ಅಂವ ಪಾಪ, ನಾ ಕೊಟ್ಟಿದ್ದು ತಿಂದ. ಗೊತ್ತಿದ್ದು ಕೊಟ್ಟಿಲ್ಲ, ಆದ್ರ ಕೊಟ್ಟಾಂವ ನಾನ" ಎಂದೆ.

ಒಲೆಯ ಹತ್ತಿರ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ರುಬೀನಾ ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ನೋಟ್‌ಬುಕ್ಕಿನ ಅಂಚು ಮಡಚುತ್ತ ಕೂತಳು.

"ಹಂಗಾದ್ರ ಅವನ್ನ ಯಾಕ ಕಳಿಸಿದಿ ಅಬ್ಬಾ?" ಎಂದಳು.

ಶಮೀಮ್ ಆ ರಾತ್ರಿಯಿಂದ ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹನ್ನೊಂದನೆಯ ದಿನ ಚಹಾ ತಂದಿಟ್ಟು, "ನನ್ನ ಕೈಲೆ ಹೊಡಿಸಿದ್ರಲ್ರಿ" ಎಂದಳು. ಅಷ್ಟೇ. ಅದಕ್ಕಿಂತ ಜಾಸ್ತಿ ಬೈದಿದ್ದರೆ ಹಗುರಾಗುತ್ತಿತ್ತು.

ಬೂದ್ಯಾನನ್ನು ಕರೆತರುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟೆ. ಡಾಕ್ಟರು ಓಡಾಡಬಹುದು ಎಂದ ಮೊದಲ ಸೋಮವಾರವೇ ಯಲಬುರ್ಗಾದ ಬಸ್ ಹತ್ತಿದೆ. ಚೀಲದಲ್ಲಿ ಹೊಸ ಹಗ್ಗ, ಹುಳದ ಗುಳಿಗೆ, ರುಬೀನಾ ಕಟ್ಟಿಕೊಟ್ಟ ರೊಟ್ಟಿ. ಹಟ್ಟಿಯಲ್ಲಿ ಬೀರಪ್ಪ ನನ್ನನ್ನು ನೋಡಿದವರೇ ತಲೆ ತಗ್ಗಿಸಿದರು.

"ಎರಡನೇ ದಿನಾನ ಹಗ್ಗಾ ಕಡಕೊಂಡು ಹೋತ್ರಿ ಸಾಬ್ರ. ನೀವು ಹೋದ ಮ್ಯಾಲ ಒಂದು ತುತ್ತೂ ತಿಂದಿರಲಿಲ್ಲ. ಕೊಪ್ಪಳದ ದಾರಿ ಹಿಡದಿದ್ದನ್ನ ನೋಡಿದೋರು ಅದಾರ."

"ನನಗ ಯಾಕ ಹೇಳಲಿಲ್ರಿ?"

"ನಿಮಗ ಆಪರೇಷನ್ ಅಂತ ಕೇಳಿದ್ವಿ. ಅಂಥಾ ಹೊತ್ತಿನಾಗ ನಾಯಿ ಸುದ್ದಿ ಯಾಕಂತ ಸುಮ್ಮನಾದ್ವಿ."

ನಲವತ್ತು ಕಿಲೋಮೀಟರಿನ ಹತ್ತಿರ ಆಗುತ್ತದೆ ಅಲ್ಲಿಂದ ನಮ್ಮ ಮನೆಗೆ. ಗಾಡಿಯಲ್ಲಿ ಹೋದ ನಾಯಿಗೆ ದಾರಿ ಹೇಗೆ ಗೊತ್ತಾಗಬೇಕು. ಬೀರಪ್ಪನವರ ಮನೆಯವರನ್ನೆಲ್ಲ ಕೂರಿಸಿಕೊಂಡು ಈ ಸಲ ಎಲ್ಲ ಹೇಳಿದೆ. ಅಂಗಿ ಎತ್ತಿ ಹೊಲಿಗೆ ತೋರಿಸಿದೆ. ಅವರು ಈ ಸಲ ನಗಲಿಲ್ಲ. ಅವರ ಉಳಿದ ನಾಯಿಗಳಿಗೆ ನನ್ನ ಚೀಲದ ಗುಳಿಗೆ ಕೊಟ್ಟು ಬಂದೆ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದನ್ನೂ ನಾಲ್ಕು ತಿಂಗಳು ತಡವಾಗಿ ಮಾಡಿದ್ದೇನೆ.

ಬಸ್ ಹತ್ತಲಿಲ್ಲ. ನಡೆದೆ. ರಸ್ತೆ ಬಿಟ್ಟು ಹೊಲದ ಬದು, ಬೋಳುಗುಡ್ಡ, ಜಾಲಿ ಕಂಟಿ, ಎಲ್ಲ ಕಡೆ ಕೂಗುತ್ತ ನಡೆದೆ. ಸಿಕ್ಕ ಕುರಿಗಾರರನ್ನೆಲ್ಲ ಕೇಳಿದೆ. ಬೂದಿ ಬಣ್ಣದ ನಾಯಿಯನ್ನು ಎಲ್ಲರೂ ನೋಡಿದ್ದರು, ಬೂದ್ಯಾನನ್ನು ಯಾರೂ ನೋಡಿರಲಿಲ್ಲ. ಸಂಜೆಗೆ ಕುಕನೂರಿನ ಹತ್ತಿರ ಕಾಲು ಸೋತು ಬಸ್ ಹಿಡಿದೆ.

ಈಚಿನ ಸ್ಕ್ಯಾನಿನಲ್ಲಿ ನನ್ನ ಹೊಟ್ಟೆಯೊಳಗೆ ಹೊಸದಾಗಿ ಎರಡು ಕಂಡಿವೆ. ಮತ್ತೆ ಗುಳಿಗೆ, ಮತ್ತೆ ಕಾಯುವುದು. ರುಬೀನಾಳದು ಬೆಳೆದಿಲ್ಲ, ಕರಗಿಯೂ ಇಲ್ಲ. ಮೂರು ತಿಂಗಳಿಗೊಮ್ಮೆ ನಾವಿಬ್ಬರೂ ಬಸುರಿಯರ ನಡುವೆ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತೇವೆ. ಗುಣವಾದೆ ಎಂದು ಹೇಳಿ ಇದನ್ನು ಮುಗಿಸುವ ಆಸೆ ನನಗೂ ಇತ್ತು. ಆ ದಿನ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಾಯಿ ಸಾಕಿದವರು, ಕುರಿ ಕೊಯ್ಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಗುಳ್ಳೆಯ ಕಲೇಜಿಯನ್ನು ಆಳವಾಗಿ ಗುಂಡಿ ತೋಡಿ ಹುಗಿಯಿರಿ, ಇಲ್ಲವೇ ಸುಡಿರಿ. ನಾಯಿಗೆ ಹಾಕಬೇಡಿ. ಪಾಪ, ಅದು ನಿಮ್ಮನ್ನು ನಂಬಿ ತಿನ್ನುತ್ತದೆ.

ಅಂಗಡಿಯ ಮೂಲೆಯಲ್ಲಿ ಈಗ ಬುಟ್ಟಿ ಇಲ್ಲ, ಹಿತ್ತಿಲಲ್ಲಿ ಸುಣ್ಣ ಹಾಕಿದ ಗುಂಡಿ ಇದೆ. ಸೋಮವಾರ ಗುಡ್ಡಕ್ಕೆ ಹೋಗುತ್ತೇನೆ, ನಿಧಾನವಾಗಿ, ಕೂತು ಎದ್ದು. ಒಂದು ಬಾಟಲಿ ನೀರು, ಒಂದು ತುಂಡು ಸಾಬೂನು, ಎರಡು ರೊಟ್ಟಿ ಹೆಚ್ಚಿಗೆ ಒಯ್ಯುತ್ತೇನೆ. ಚಪ್ಪಟೆ ಬಂಡೆಯ ಮೇಲೆ ಕೂತು ಯಲಬುರ್ಗಾದ ದಿಕ್ಕಿಗೆ ನೋಡುತ್ತೇನೆ. ಹೆಚ್ಚಿಗೆ ಒಯ್ದ ರೊಟ್ಟಿಯನ್ನು ಅಲ್ಲಿಯೇ ಇಟ್ಟು ಬರುತ್ತೇನೆ. ಮುಂದಿನ ವಾರ ಅದು ಇರುವುದಿಲ್ಲ, ನವಿಲೋ ಇರುವೆಯೋ ತಿಂದಿರುತ್ತವೆ.

ನಾನು ಇಳಿದು ಬರುವ ಹೊತ್ತಿಗೆ ರುಬೀನಾ ಗೇಟಿನಲ್ಲಿ ನಿಂತಿರುತ್ತಾಳೆ. ಅವಳು ನನ್ನ ಮುಖ ನೋಡುವುದಿಲ್ಲ. ನನ್ನ ಹಿಂದಿನ ದಾರಿ ನೋಡುತ್ತಾಳೆ. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಅಮ್ಮಾನ ಕೈಯಿಂದ ತುಪ್ಪದ ರೊಟ್ಟಿ ಇಸಿದುಕೊಂಡು ಗುಳಿಗೆ ನುಂಗುತ್ತಾಳೆ.